ಕೊದಿಪ್ಪು, ಮಾರಡೈಪ್ಪು, ಹಾರ್ಟ್ ಫೇಲ್



ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಮನೆಯೊಳಗೆ ಕನ್ನಡವನ್ನೂ ಬಾಗಿಲು ದಾಟಿದ ಮೇಲೆ ತಮಿಳನ್ನೂ ಆಡುವವರು ನಾವು. ನಮ್ಮ ಮನೆಗಳಲ್ಲಿ ಅಜ್ಜಿ ತನ್ನ ನೋವನ್ನು ಕನ್ನಡದಲ್ಲಿ ಹೇಳುತ್ತಾಳೆ. ಮೊಮ್ಮಗ ಅದನ್ನು ತಮಿಳಿನಲ್ಲಿ ಡಾಕ್ಟರಿಗೆ ತಿಳಿಸುತ್ತಾನೆ. ಡಾಕ್ಟರು ಇಂಗ್ಲಿಷಿನಲ್ಲಿ ಚೀಟಿ ಬರೆಯುತ್ತಾರೆ. ಹೀಗೆ ಒಂದು ನೋವು ಮೂರು ಭಾಷೆ ದಾಟಿ ಮಾತ್ರೆಯಾಗಿ ಮನೆಗೆ ಬರುತ್ತದೆ. ಮೂರು ಕೈ ಬದಲಾದ ಹಣವನ್ನು ಬ್ಯಾಂಕಿನಲ್ಲಿ ನಾವು ಮತ್ತೊಮ್ಮೆ ಎಣಿಸದೆ ಪೆಟ್ಟಿಗೆಗೆ ಹಾಕುತ್ತಿರಲಿಲ್ಲ. ಮೂರು ಬಾಯಿ ದಾಟಿದ ಮಾತನ್ನೂ ಹಾಗೆಯೇ ಒಮ್ಮೆ ಎಣಿಸಿ ನೋಡಬೇಕು ಎಂದು ನನಗೆ ಅನಿಸುತ್ತದೆ.

ನಾನು ವೈದ್ಯನಲ್ಲ. ಮೆಟ್ರಿಕ್ ಓದಿ, ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದು ನಿವೃತ್ತನಾದವನು. ಕೆಲವು ವರ್ಷಗಳಿಂದ ಹೃದಯದ ಮಾತ್ರೆಗಳನ್ನು ನುಂಗುತ್ತಿರುವವನು. ನನ್ನ ತಮ್ಮನ ಮಗಳು ವೈದ್ಯಕೀಯ ಓದುತ್ತಿದ್ದಾಳೆ. ರಜೆಗೆ ಬಂದಾಗ ಅವಳು ಗಟ್ಟಿಯಾಗಿ ಓದಿಕೊಳ್ಳುವುದನ್ನು ಕೇಳಿ ಕೇಳಿ, ನನ್ನ ಡಬ್ಬಿಯಲ್ಲಿರುವ ಮಾತ್ರೆಗಳು ಏನು ಮಾಡುತ್ತವೆ ಎಂದು ಒಂದೊಂದಾಗಿ ವಿಚಾರಿಸಿದೆ. ನನ್ನನ್ನು ನೋಡುವ ಡಾಕ್ಟರನ್ನೂ ಕೇಳಿದೆ. ಅವರಿಬ್ಬರು ಹೇಳಿದ್ದನ್ನು ನಮ್ಮ ಮಾತಿನಲ್ಲಿ ತಮ್ಮ ಮುಂದೆ ಇಡುತ್ತೇನೆ. ಅದಕ್ಕಾಗಿ ನಮ್ಮ ಬಾಯಲ್ಲಿ ದಿನವೂ ಓಡಾಡುವ ಮೂರು ಪದಗಳನ್ನು ಆರಿಸಿಕೊಂಡಿದ್ದೇನೆ: ಕೊದಿಪ್ಪು, ಮಾರಡೈಪ್ಪು, ಹಾರ್ಟ್ ಫೇಲ್.

ಪದಗಳಿಗೆ ಹೋಗುವ ಮೊದಲು ಹೃದಯ ಹೇಗೆ ಕೆಲಸ ಮಾಡುತ್ತದೆ ಎಂದು ನೋಡೋಣ. ಪಂಪುಸೆಟ್ಟು ತಯಾರಿಸುವ ಕೊಯಮತ್ತೂರಿನ ಸುತ್ತಮುತ್ತ ಇರುವ ನಮಗೆ ಇದು ಕಷ್ಟವಲ್ಲ. ಹೃದಯ ನಮ್ಮ ಮುಷ್ಟಿಯಷ್ಟು ದೊಡ್ಡದು. ದೊಡ್ಡವರಲ್ಲಿ ಅದರ ತೂಕ ಸುಮಾರು 300 ಗ್ರಾಂ. "ದೊಡ್ಡಪ್ಪ, ಇದು ಒಂದು ಪಂಪಲ್ಲ. ಒಂದೇ ಶೆಡ್ಡಿನಲ್ಲಿ ಅಕ್ಕಪಕ್ಕ ಇಟ್ಟ ಎರಡು ಪಂಪು ಅಂದುಕೊಳ್ಳಿ" ಎಂದಳು ಹುಡುಗಿ. ಬಲಗಡೆಯ ಪಂಪು ಮೈಯಿಂದ ಬಂದ ರಕ್ತವನ್ನು ಶ್ವಾಸಕೋಶಕ್ಕೆ ಕಳಿಸುತ್ತದೆ. ಅಲ್ಲಿ ಗಾಳಿ ತುಂಬಿಕೊಂಡು ಬಂದ ರಕ್ತವನ್ನು ಎಡಗಡೆಯ ಪಂಪು ತಲೆಯಿಂದ ಕಾಲ್ಬೆರಳಿನವರೆಗೆ ತಳ್ಳುತ್ತದೆ. ಬಾವಿಯ ಪೈಪಿಗೆ ನೀರು ಹಿಂದಕ್ಕೆ ಇಳಿಯದಂತೆ ಫುಟ್‌ವಾಲ್ವ್ ಇರುತ್ತದಲ್ಲ, ಹಾಗೆ ಹೃದಯದಲ್ಲಿ ನಾಲ್ಕು ಕವಾಟಗಳಿವೆ. ರಕ್ತ ಮುಂದಕ್ಕೆ ಮಾತ್ರ ಹೋಗಬೇಕು.

ನೆಮ್ಮದಿಯಾಗಿ ಕುಳಿತಿರುವಾಗ ಹೃದಯ ನಿಮಿಷಕ್ಕೆ ಸುಮಾರು 70 ಸಲ ಬಡಿಯುತ್ತದೆ. ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರು ರಕ್ತ ಹೊರಗೆ ಬರುತ್ತದೆ. ಗುಣಿಸಿ ನೋಡಿ, ನಿಮಿಷಕ್ಕೆ ಹತ್ತಿರ ಹತ್ತಿರ 5 ಲೀಟರು, ದಿನಕ್ಕೆ 7,000 ಲೀಟರು. ಮನೆಯ ಮೇಲಿನ ಸಾವಿರ ಲೀಟರಿನ ತೊಟ್ಟಿಯನ್ನು ಏಳು ಸಲ ತುಂಬುವಷ್ಟು. ಆದರೆ ನಮ್ಮ ಮೈಯಲ್ಲಿ ಇರುವ ರಕ್ತವೇ ಸುಮಾರು 5 ಲೀಟರು. ಅದೇ ರಕ್ತ ಮತ್ತೆ ಮತ್ತೆ ಸುತ್ತುತ್ತಿರಬೇಕು ಎಂದಾಯಿತು. ಇದನ್ನು 1628ರಲ್ಲಿ ಇಂಗ್ಲೆಂಡಿನ ವಿಲಿಯಂ ಹಾರ್ವೆ ಎಂಬ ವೈದ್ಯರು ತೋರಿಸಿಕೊಟ್ಟರು. ಅದಕ್ಕೆ ಮೊದಲು ಯೂರೋಪಿನಲ್ಲಿ, ರಕ್ತ ಯಕೃತ್ತಿನಲ್ಲಿ ಹುಟ್ಟಿ ಮೈಯಲ್ಲಿ ಇಂಗಿಹೋಗುತ್ತದೆ ಎಂದು ನಂಬಿದ್ದರು. ಹಾರ್ವೆಯವರು ಪ್ರಾಣಿಗಳನ್ನು ಪರೀಕ್ಷಿಸಿದ್ದರ ಜೊತೆಗೆ ಜಮಾ ಖರ್ಚಿನ ಲೆಕ್ಕವನ್ನೂ ಹಾಕಿದರು. ಅರ್ಧ ಗಂಟೆಯಲ್ಲಿ ಹೃದಯ ತಳ್ಳುವ ರಕ್ತ ಮೈಯಲ್ಲಿರುವ ಎಲ್ಲ ರಕ್ತಕ್ಕಿಂತ ಹೆಚ್ಚಾದರೆ, ಅಷ್ಟು ಹೊಸ ರಕ್ತ ಎಲ್ಲಿಂದ ಬರಬೇಕು? ಗುಮಾಸ್ತನಾಗಿದ್ದ ನನಗೆ ಈ ಲೆಕ್ಕ ಬಹಳ ಹಿಡಿಸಿತು.

ಇನ್ನೊಂದು ಸಂಗತಿಯನ್ನು ಮರೆಯದೆ ನೆನಪಿಡಿ. ಹೃದಯದೊಳಗೆ ಇಷ್ಟು ರಕ್ತ ಹರಿದರೂ ಅದು ಆ ರಕ್ತದಿಂದ ನೇರವಾಗಿ ಹೊಟ್ಟೆ ತುಂಬಿಸಿಕೊಳ್ಳುವುದಿಲ್ಲ. ಕ್ಯಾಷಿಯರ್ ದಿನಕ್ಕೆ ಲಕ್ಷಗಟ್ಟಲೆ ಎಣಿಸುತ್ತಾನೆ, ಮನೆ ನಡೆಸುವುದು ತನ್ನ ಸಂಬಳದಲ್ಲಿ. ಹಾಗೆಯೇ ಹೃದಯದ ಸ್ನಾಯುವಿಗೆ ಆಹಾರ ಕೊಡುವ ರಕ್ತನಾಳಗಳು ಬೇರೆಯೇ ಇವೆ. ಮಹಾಧಮನಿಯ ಬುಡದಿಂದ ಎಡಕ್ಕೊಂದು, ಬಲಕ್ಕೊಂದು ಹೊರಟು, ಹೃದಯದ ಮೇಲೆ ಬೇರಿನಂತೆ ಹರಡಿಕೊಂಡಿವೆ. ಅವುಗಳ ಬಾಯಿ ಪೆನ್ಸಿಲಿಗಿಂತ ಸಣ್ಣದು. ಮುಖ್ಯವಾದ ಎಡ ಪಂಪಿಗೆ ಈ ರಕ್ತ ಹೆಚ್ಚಾಗಿ ಸಿಗುವುದು ಅದು ಹಿಂಡಿಕೊಳ್ಳುವಾಗ ಅಲ್ಲ, ಎರಡು ಬಡಿತಗಳ ನಡುವೆ ಸಡಿಲವಾದಾಗ. ಹೃದಯ ಅತಿ ವೇಗವಾಗಿ ಓಡಿದರೆ ಈ ಬಿಡುವು ಕಡಿಮೆಯಾಗುತ್ತದೆ. ಕೆಲಸ ಹೆಚ್ಚು, ಊಟಕ್ಕೆ ಸಮಯ ಕಡಿಮೆ. ಮುಂದೆ ಮಾತ್ರೆಗಳ ವಿಚಾರ ಬಂದಾಗ ಇದು ಬೇಕಾಗುತ್ತದೆ.

ಈಗ ಮೊದಲನೆಯ ಪದ. ಬಿ.ಪಿ.ಯನ್ನು ತಮಿಳಿನಲ್ಲಿ ಜನ ರತ್ತಕ್ಕೊದಿಪ್ಪು ಎನ್ನುತ್ತಾರೆ. ರಕ್ತ ಕುದಿಯುವುದು ಎಂದು ಅರ್ಥ. ನಾವೂ ಕನ್ನಡದ ನಡುವೆ "ಅವರಿಗೆ ಕೊದಿಪ್ಪು ಇದೆ" ಎಂದೇ ಹೇಳುತ್ತೇವೆ. ಈ ಒಂದು ಪದದಿಂದ ಆಗುವ ಕೆಡುಕನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ನಮ್ಮ ಬೀದಿಯಲ್ಲಿ ಒಬ್ಬ ಹಿರಿಯ ನೇಕಾರರಿದ್ದರು. ಒಳ್ಳೆಯ ಕೈ, ಮೆತ್ತಗಿನ ಮಾತು. ಪರೀಕ್ಷೆ ಮಾಡಿದವರು ಕೊದಿಪ್ಪು ಇದೆ ಎಂದು ಮಾತ್ರೆ ಕೊಟ್ಟರು. ಎರಡು ತಿಂಗಳು ನುಂಗಿದರು. ಆಮೇಲೆ, "ನಾನು ಯಾರ ಮೇಲೂ ಕುದಿಯುವವನಲ್ಲ, ನನಗೆಲ್ಲಿಯ ಕೊದಿಪ್ಪು?" ಎಂದು ನಿಲ್ಲಿಸಿಬಿಟ್ಟರು. ಕುದಿಯುವುದನ್ನು ತಣಿಸಬೇಕು ಎಂದು ಮಜ್ಜಿಗೆ, ಎಳನೀರು, ತಲೆಗೆ ಎಣ್ಣೆ. ಮೈಯಲ್ಲಿ ಯಾವ ತೊಂದರೆಯೂ ಕಾಣಲಿಲ್ಲ. ಒಂದು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಮಗ್ಗದ ಮುಂದೆಯೇ ಬಲಗೈ ಬಲಗಾಲು ಬಿದ್ದುಹೋದವು. ತಮಿಳರು ಪಕ್ಕವಾದಂ ಎನ್ನುವ ಪಾರ್ಶ್ವವಾಯು. ಮತ್ತೆ ಅವರು ಲಾಳಿ ಮುಟ್ಟಲಿಲ್ಲ. ಮಗ್ಗವನ್ನು ಬಿಚ್ಚಿ ಮಾರಿದರು.

ರಕ್ತ ಕುದಿಯುವುದಿಲ್ಲ, ಬಂಧುಗಳೇ. ಕೋಪಿಷ್ಠರಿಗೆ ಮಾತ್ರ ಬರುವ ರೋಗವೂ ಇದಲ್ಲ. ಇಲ್ಲಿ ಕನ್ನಡದ ಪದ ಸರಿಯಾಗಿದೆ: ರಕ್ತದೊತ್ತಡ. ಪೈಪಿನ ಗೋಡೆಯನ್ನು ನೀರು ಒತ್ತುವ ಹಾಗೆ ರಕ್ತನಾಳದ ಗೋಡೆಯನ್ನು ರಕ್ತ ಒತ್ತುತ್ತದೆ. ಹೃದಯ ಹಿಂಡಿದಾಗಿನ ಒತ್ತಡ ಮೇಲಿನ ಅಂಕಿ, ಸಡಿಲವಾದಾಗಿನದು ಕೆಳಗಿನ ಅಂಕಿ. 120ಕ್ಕೆ 80 ಒಳ್ಳೆಯ ಅಂಕಿ. ಬೇರೆ ಬೇರೆ ದಿನ ಅಳೆದಾಗಲೂ ಮೇಲಿನದು 140 ಅಥವಾ ಅದಕ್ಕೂ ಹೆಚ್ಚು, ಇಲ್ಲವೇ ಕೆಳಗಿನದು 90 ಅಥವಾ ಅದಕ್ಕೂ ಹೆಚ್ಚು ಬಂದರೆ ಒತ್ತಡ ಹೆಚ್ಚಾಗಿದೆ ಎಂದು ಡಾಕ್ಟರು ತೀರ್ಮಾನಿಸುತ್ತಾರೆ. ಅಳೆಯುವ ಮೊದಲು ಐದು ನಿಮಿಷ ಸುಮ್ಮನೆ ಕುಳಿತಿರಬೇಕು. ಅರ್ಧ ಗಂಟೆಯೊಳಗೆ ಕಾಫಿ, ಬೀಡಿ ಕುಡಿದಿರಬಾರದು.

ಸಾಮಾನ್ಯವಾಗಿ ಈ ಒತ್ತಡಕ್ಕೆ ನೋವಿಲ್ಲ, ಸುಸ್ತಿಲ್ಲ. ಸದ್ದಿಲ್ಲದೆ ಹೃದಯವನ್ನು ದಪ್ಪ ಮಾಡುತ್ತದೆ, ಮೂತ್ರಪಿಂಡವನ್ನು ಕೆಡಿಸುತ್ತದೆ, ಮಿದುಳಿನ ನಾಳವನ್ನು ಒಡೆಯುತ್ತದೆ ಇಲ್ಲವೇ ಕಟ್ಟಿಸುತ್ತದೆ. "ಮೈ ಚೆನ್ನಾಗಿದೆ, ಮಾತ್ರೆ ಯಾಕೆ" ಎನ್ನುವ ಪ್ರಶ್ನೆಗೆ ಉತ್ತರ ಇಲ್ಲಿದೆ. ಅಂಕಿ ಸರಿಯಾಗಿರುವುದು ಮಾತ್ರೆಯಿಂದ. ಮಾತ್ರೆ ಬಿಟ್ಟರೆ ಅಂಕಿ ಮತ್ತೆ ಏರುತ್ತದೆ.

ಒತ್ತಡಕ್ಕೆ ಕೊಡುವ ಮಾತ್ರೆಗಳಲ್ಲಿ ಕೆಲವು ಜಾತಿಗಳಿವೆ. ಅಮ್ಲೋಡಿಪಿನ್ ನಾಳದ ಗೋಡೆಯ ಸ್ನಾಯುವನ್ನು ಸಡಿಲಿಸುತ್ತದೆ. ಇದರಿಂದ ಕೆಲವರಿಗೆ ಕಣಕಾಲು ಊದುತ್ತದೆ. ಎನಾಲಪ್ರಿಲ್, ರಾಮಿಪ್ರಿಲ್ ಎನ್ನುವವು ನಾಳಗಳನ್ನು ಬಿಗಿ ಮಾಡುವ ಒಂದು ರಸ ಮೈಯಲ್ಲಿ ಹುಟ್ಟದಂತೆ ತಡೆಯುತ್ತವೆ. ಈ ಜಾತಿಯ ಔಷಧಿಗೆ ದಾರಿ ತೋರಿಸಿದ್ದು ಬ್ರೆಜಿಲ್ ದೇಶದ ಒಂದು ಮಂಡಲದ ಹಾವಿನ ವಿಷ. ಅದು ಕಚ್ಚಿದವರ ಒತ್ತಡ ಕುಸಿಯುವುದು ಏಕೆ ಎಂದು ಹುಡುಕುತ್ತಾ ಹೋಗಿ, ಕೊನೆಗೆ ಕ್ಯಾಪ್ಟೋಪ್ರಿಲ್ ಎಂಬ ಮಾತ್ರೆಯನ್ನು ಕಂಡುಹಿಡಿದರು. 1981ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಈ ಮಾತ್ರೆಗಳಿಂದ ಕೆಲವರಿಗೆ ಒಣಕೆಮ್ಮು ಬರುತ್ತದೆ. ಆಗ ಕೆಮ್ಮಿನ ಟಾನಿಕ್ಕು ಕುಡಿಯುತ್ತಾ ಕೂರಬೇಡಿ, ಮಾತ್ರೆಯನ್ನು ತಾವಾಗಿಯೇ ಬಿಡಲೂ ಬೇಡಿ. ಡಾಕ್ಟರಿಗೆ ಹೇಳಿದರೆ ಲೋಸಾರ್ಟಾನ್, ಟೆಲ್ಮಿಸಾರ್ಟಾನ್ ಎಂಬ ಬೇರೆ ಜಾತಿಗೆ ಬದಲಿಸುತ್ತಾರೆ. ಈ ಎರಡು ಜಾತಿಗಳೂ ಗರ್ಭಿಣಿಯರಿಗೆ ಆಗಿಬರುವುದಿಲ್ಲ. ಮಗು ಬೇಕೆಂದಿರುವ ಹೆಣ್ಣುಮಕ್ಕಳು ಮೊದಲೇ ಡಾಕ್ಟರಿಗೆ ತಿಳಿಸಬೇಕು.

ನಮ್ಮ ದೇಶದ ಬೇರೊಂದು ಈ ಕಥೆಯಲ್ಲಿದೆ. ಸರ್ಪಗಂಧದ ಬೇರಿನಿಂದ ಒತ್ತಡ ಇಳಿಯುತ್ತದೆ ಎಂಬುದನ್ನು ರೋಗಿಗಳಲ್ಲಿ ಪರೀಕ್ಷಿಸಿ, 1949ರಲ್ಲಿ ಬ್ರಿಟನ್ನಿನ ಹೃದಯ ವೈದ್ಯರ ಪತ್ರಿಕೆಯಲ್ಲಿ ಬರೆದವರು ಮುಂಬಯಿಯ ಡಾಕ್ಟರ್ ರುಸ್ತುಂ ಜಾಲ್ ವಕೀಲ್. ಅದರಿಂದ ಬಂದ ರಿಸರ್ಪಿನ್ ಮಾತ್ರೆ ಕೆಲವು ಕಾಲ ಲೋಕವೆಲ್ಲ ಓಡಾಡಿತು. ಆಮೇಲೆ ಅದಕ್ಕಿಂತ ತೊಂದರೆ ಕಡಿಮೆಯಿರುವ ಮಾತ್ರೆಗಳು ಬಂದವು. ಇದನ್ನು ಏಕೆ ಹೇಳಿದೆ ಎಂದರೆ, ಇಂಗ್ಲಿಷ್ ಮಾತ್ರೆ ಎಂದು ನಾವು ದೂರ ಇಡುವವುಗಳಲ್ಲಿ ಹಲವು ಬೇರಿನಿಂದ, ತೊಗಟೆಯಿಂದ, ಹಾವಿನಿಂದ ಪಾಠ ಕಲಿತೇ ಬಂದವು.

ಎರಡನೆಯ ಪದ ಮಾರಡೈಪ್ಪು. ಇಲ್ಲಿ ಲೆಕ್ಕ ತಿರುಗಿದೆ. ಕನ್ನಡದ ಪುಸ್ತಕಗಳಲ್ಲಿ ಇದನ್ನು ಹೃದಯಾಘಾತ ಎನ್ನುತ್ತಾರೆ. ಆಘಾತ ಎಂದರೆ ಪೆಟ್ಟು. ಅದನ್ನು ಕೇಳಿದ ನಮ್ಮವರು, ಯಾವುದೋ ಕೆಟ್ಟ ಸುದ್ದಿ ಕೇಳಿ ಎದೆ ಒಡೆಯಿತು ಎಂದು ಸುದ್ದಿಯನ್ನು ಹುಡುಕುತ್ತಾರೆ. ತಮಿಳಿನಲ್ಲಿ ಮಾರ್ ಎಂದರೆ ಎದೆ, ಅಡೈಪ್ಪು ಎಂದರೆ ಕಟ್ಟಿಕೊಳ್ಳುವುದು. ಇದೇ ನಿಜಕ್ಕೆ ಹತ್ತಿರ. ಹೃದಯಕ್ಕೆ ಆಹಾರ ಕೊಡುವ ನಾಳ ಕಟ್ಟಿಕೊಳ್ಳುವುದೇ ಮಾರಡೈಪ್ಪು. ದುಃಖ, ಸಿಟ್ಟು ಒಮ್ಮೊಮ್ಮೆ ಕೊನೆಯ ನೆಪವಾಗಬಹುದು. ಆದರೆ ಒಳಗಿನ ಕೆಲಸ ಹತ್ತಾರು ವರ್ಷಗಳ ಹಿಂದೆಯೇ ಶುರುವಾಗಿರುತ್ತದೆ.

ಹೇಗೆ ಎಂದರೆ, ಕೊಲೆಸ್ಟರಾಲ್ ಎಂಬ ಕೊಬ್ಬು ನಾಳದ ಗೋಡೆಯ ಒಳಪದರದಲ್ಲಿ ಸೇರಿಕೊಂಡು ಗಂಟು ಕಟ್ಟುತ್ತದೆ. ಬೀಡಿ ಸಿಗರೇಟು, ಸಕ್ಕರೆ ಕಾಯಿಲೆ, ಒತ್ತಡ ಇವು ಗೋಡೆಯನ್ನು ಕೆಡಿಸಿ ದಾರಿ ಮಾಡಿಕೊಡುತ್ತವೆ. ಉಪ್ಪುನೀರಿನ ಪೈಪಿನಲ್ಲಿ ಪೊರೆ ಕಟ್ಟಿದಂತೆ ಮೆಲ್ಲನೆ ತುಂಬಿ ಮುಚ್ಚಿಕೊಳ್ಳುತ್ತದೆ ಎಂದು ನಾನು ತಿಳಿದಿದ್ದೆ. ಹಲವು ಸಲ ಹಾಗಲ್ಲವಂತೆ. ಅರ್ಧವೂ ಮುಚ್ಚದ ಒಂದು ಗಂಟು ಒಂದು ದಿನ ಬಿರಿಯುತ್ತದೆ. ಮೈಗೆ ಗಾಯವಾದಾಗ ರಕ್ತ ಹೆಪ್ಪುಗಟ್ಟುವ ಹಾಗೆ ಅಲ್ಲಿಯೂ ಹೆಪ್ಪುಗಟ್ಟಿ, ಕೆಲವು ನಿಮಿಷಗಳಲ್ಲಿ ದಾರಿ ಪೂರ್ತಿ ಮುಚ್ಚುತ್ತದೆ. ನೆನ್ನೆ ಗದ್ದೆಯಲ್ಲಿ ಕೆಲಸ ಮಾಡಿದವರು ಇವತ್ತು ಹೋಗಿಬಿಡುವುದು ಹೀಗೆ.

ಇದನ್ನು ತಿಳಿದರೆ ಮಾತ್ರೆಗಳ ಅರ್ಥ ತಾನಾಗಿ ತಿಳಿಯುತ್ತದೆ. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಇವು ರಕ್ತದ ಸಣ್ಣ ಕಣಗಳು ಒಂದಕ್ಕೊಂದು ಅಂಟಿಕೊಂಡು ಹೆಪ್ಪಾಗುವುದನ್ನು ಕಡಿಮೆ ಮಾಡುತ್ತವೆ. 1988ರಲ್ಲಿ ಪ್ರಕಟವಾದ ಒಂದು ದೊಡ್ಡ ಪರೀಕ್ಷೆಯಲ್ಲಿ, ಹೃದಯಾಘಾತದ ಶಂಕೆಯಿದ್ದ 17,187 ಜನರನ್ನು ಸೇರಿಸಿಕೊಂಡು, ಆಸ್ಪಿರಿನ್ನೂ ಹೆಪ್ಪು ಕರಗಿಸುವ ಚುಚ್ಚುಮದ್ದೂ ಪ್ರಾಣ ಉಳಿಸುತ್ತವೆ ಎಂದು ತೋರಿಸಿದರು. ಅಟೋರ್ವಾಸ್ಟಾಟಿನ್, ರೋಸುವಾಸ್ಟಾಟಿನ್ ಎನ್ನುವವು ಕೆಟ್ಟ ಕೊಬ್ಬನ್ನು ಇಳಿಸುತ್ತವೆ, ಗಂಟು ಬಿರಿಯದಂತೆ ಗಟ್ಟಿ ಮಾಡುತ್ತವೆ. ಈ ಜಾತಿಯ ಮೊದಲ ವಸ್ತುವನ್ನು 1970ರ ದಶಕದಲ್ಲಿ ಜಪಾನಿನ ಅಕಿರಾ ಎಂಡೋ ಎಂಬ ವಿಜ್ಞಾನಿ ಒಂದು ಬೂಷ್ಟಿನಿಂದ ತೆಗೆದರು. ಮೆಟೊಪ್ರೊಲೋಲ್, ಅಟೆನೊಲೋಲ್, ಬಿಸೊಪ್ರೊಲೋಲ್ ಎಂದು 'ಲೋಲ್' ಸೇರಿ ಮುಗಿಯುವ ಮಾತ್ರೆಗಳು ಹೃದಯದ ಓಟವನ್ನು ನಿಧಾನ ಮಾಡುತ್ತವೆ. ಬಡಿತಗಳ ನಡುವಿನ ಬಿಡುವಿನಲ್ಲಿ ಹೃದಯ ಊಟ ಮಾಡುತ್ತದೆ ಎಂದೆನಲ್ಲ, ಆ ಬಿಡುವನ್ನು ಇವು ಹೆಚ್ಚಿಸುತ್ತವೆ. ಈ ಜಾತಿಯನ್ನು ಕಂಡುಹಿಡಿದ ಜೇಮ್ಸ್ ಬ್ಲ್ಯಾಕ್ ಅವರಿಗೆ 1988ರಲ್ಲಿ ನೊಬೆಲ್ ಬಹುಮಾನ ಬಂತು.

ಎಚ್ಚರಿಕೆಯ ಮಾತುಗಳನ್ನೂ ಹೇಳಬೇಕು. 'ಲೋಲ್' ಮಾತ್ರೆಯನ್ನು ಒಂದೇ ಸಲಕ್ಕೆ ನಿಲ್ಲಿಸಿದರೆ ಹೃದಯ ಹುಚ್ಚೆದ್ದು ಓಡಬಹುದು. ಆಸ್ತಮಾ ಇರುವವರು ಮೊದಲೇ ಹೇಳಬೇಕು. ಸ್ಟೆಂಟ್ ಹಾಕಿಸಿಕೊಂಡವರು ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಮಾತ್ರೆಗಳನ್ನು, ಹಲ್ಲು ಕೀಳಿಸುವುದಿದ್ದರೂ, ಹೃದಯದ ಡಾಕ್ಟರನ್ನು ಕೇಳದೆ ಬಿಡಬಾರದು. ಪಕ್ಕದ ಮನೆಯವರು ನುಂಗುತ್ತಾರೆ ಎಂದು ರೋಗವಿಲ್ಲದವರು ಆಸ್ಪಿರಿನ್ ನುಂಗಬಾರದು, ಹೊಟ್ಟೆಯಲ್ಲಿ ರಕ್ತ ಸೋರಬಹುದು. ನಾಲಿಗೆಯ ಕೆಳಗಿಡುವ ಮಾತ್ರೆಯನ್ನು ನಿಂತುಕೊಂಡು ಇಟ್ಟುಕೊಳ್ಳಬೇಡಿ, ಒತ್ತಡ ಇಳಿದು ಬೀಳಬಹುದು. ವಯಾಗ್ರ ಜಾತಿಯ ಮಾತ್ರೆ ತೆಗೆದುಕೊಂಡವರು ನಾಚಿಕೆ ಬಿಟ್ಟು ಅದನ್ನು ಡಾಕ್ಟರಿಗೆ ಹೇಳಬೇಕು. ಅವೆರಡೂ ಸೇರಿದರೆ ಪ್ರಾಣಕ್ಕೆ ಅಪಾಯ.

ಮಾರಡೈಪ್ಪಿನ ಸಮಯದಲ್ಲಿ ನಮ್ಮ ಮನೆಗಳಲ್ಲಿ ಆಗುವುದು ಏನು? ಎದೆಯ ಮೇಲೆ ಕಲ್ಲು ಇಟ್ಟಂತೆ ಭಾರ. ಎಡಗೈಗೆ, ದವಡೆಗೆ, ಬೆನ್ನಿಗೆ ಎಳೆತ. ತಣ್ಣನೆಯ ಬೆವರು. "ವಾಯು ಅಷ್ಟೇ, ಗ್ಯಾಸು" ಎಂದು ಸೋಡಾ, ಓಮದ ನೀರು, ಇಂಗು. ಬೆಳಗಾಗಲಿ ಎಂದು ಕಾಯುವುದು. ಹೆಂಗಸರಿಗೆ, ವಯಸ್ಸಾದವರಿಗೆ, ಸಕ್ಕರೆ ಕಾಯಿಲೆಯವರಿಗೆ ನೋವೇ ಇಲ್ಲದೆ ಬರೀ ಉಬ್ಬಸ, ವಾಂತಿ, ಸುಸ್ತು ಇರಬಹುದು. ಅವರ ವಿಚಾರದಲ್ಲಿ ಇನ್ನೂ ತಡ. ನಾಳ ಮುಚ್ಚಿದ ಅರ್ಧ ಗಂಟೆಯಿಂದಲೇ ಸ್ನಾಯು ಸಾಯಲು ತೊಡಗುತ್ತದೆ. ಸತ್ತ ಸ್ನಾಯು ಮತ್ತೆ ಚಿಗುರುವುದಿಲ್ಲ. ಗ್ಯಾಸೋ ಅಲ್ಲವೋ ಎಂದು ಹೇಳಬೇಕಾದದ್ದು ಇ.ಸಿ.ಜಿ. ಕಾಗದ, ಅತ್ತೆಯೂ ಅಲ್ಲ, ಅಂಗಡಿಯವರೂ ಅಲ್ಲ.

ಈ ತಡವನ್ನು ಕಡಿಮೆ ಮಾಡಲು ನಮ್ಮ ಕೊಯಮತ್ತೂರಿನಿಂದಲೇ ಒಂದು ಒಳ್ಳೆಯ ಕೆಲಸ ನಡೆದಿದೆ. ಇಲ್ಲಿನ ಹೃದಯ ತಜ್ಞ ಡಾಕ್ಟರ್ ಥಾಮಸ್ ಅಲೆಕ್ಸಾಂಡರ್ ಮತ್ತು ಜೊತೆಗಾರರು, ಊರೂರಿನ ಸಣ್ಣ ಆಸ್ಪತ್ರೆಗಳನ್ನು ಸ್ಟೆಂಟ್ ಹಾಕುವ ದೊಡ್ಡ ಆಸ್ಪತ್ರೆಗಳೊಂದಿಗೆ ಸೇರಿಸುವ ಒಂದು ಏರ್ಪಾಡು ಮಾಡಿದರು. ಸಣ್ಣ ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ. ದೊಡ್ಡ ಆಸ್ಪತ್ರೆಯ ತಜ್ಞರಿಗೆ ಹೋಗುತ್ತದೆ. ದೂರವಿದ್ದರೆ ಅಲ್ಲೇ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಟ್ಟು, ಆಮೇಲೆ ಆಂಬುಲೆನ್ಸಿನಲ್ಲಿ ಕಳಿಸುತ್ತಾರೆ. ತಮಿಳುನಾಡಿನಲ್ಲಿ 2,420 ರೋಗಿಗಳನ್ನು ಗಮನಿಸಿ 2017ರಲ್ಲಿ ಅವರು ಫಲಿತಾಂಶ ಪ್ರಕಟಿಸಿದರು. ಏರ್ಪಾಡಿಗೆ ಮೊದಲು ಒಂದು ವರ್ಷದೊಳಗೆ ನೂರಕ್ಕೆ 17.6 ಮಂದಿ ತೀರಿಕೊಳ್ಳುತ್ತಿದ್ದರೆ, ಆಮೇಲೆ 14.2 ಮಂದಿ. ನೂರರಲ್ಲಿ ಮೂರು ನಾಲ್ಕು ಎಂದರೆ ಸಣ್ಣ ಅಂಕಿ ಅನಿಸಬಹುದು. ಆ ಮೂವರಲ್ಲಿ ಒಬ್ಬರು ನಮ್ಮ ಮನೆಯವರಾದರೆ ಅಂಕಿ ಸಣ್ಣದಲ್ಲ.

2023ರಲ್ಲಿ ತಮಿಳುನಾಡು ಸರಕಾರ ಇದಯಂ ಕಾಪ್ಪೋಂ ಎಂಬ ಯೋಜನೆಯನ್ನು ಶುರುಮಾಡಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಉಪಕೇಂದ್ರಗಳಲ್ಲಿ ತುರ್ತು ಮಾತ್ರೆಗಳನ್ನು ಇರಿಸಿತು. ಎದೆನೋವಿನಿಂದ ಬಂದವರಿಗೆ ಅಗತ್ಯ ಕಂಡರೆ ಆಸ್ಪಿರಿನ್ 2, ಕ್ಲೋಪಿಡೋಗ್ರೆಲ್ 4, ಅಟೋರ್ವಾಸ್ಟಾಟಿನ್ 8, ಒಟ್ಟು 14 ಮಾತ್ರೆಗಳನ್ನು ಅಲ್ಲೇ ಕೊಟ್ಟು ದೊಡ್ಡ ಆಸ್ಪತ್ರೆಗೆ ಕಳಿಸುವುದು ಅದರ ಕ್ರಮ. ಇವನ್ನು ಮನೆಯಲ್ಲಿ ತಾವಾಗಿ ನುಂಗಲು ನಾನು ಹೇಳುತ್ತಿಲ್ಲ. ಎದೆ ಹಿಡಿದುಕೊಂಡರೆ 108ಕ್ಕೆ ಫೋನು ಮಾಡಿ, ಅವರು ಹೇಳಿದಂತೆ ನಡೆಯಿರಿ. ರೋಗಿಯನ್ನು ನಡೆಸಬೇಡಿ, ಬೈಕಿನ ಹಿಂದೆ ಕೂರಿಸಬೇಡಿ. ತಮಿಳಿನಲ್ಲಿ ಎರಡು ಮಾತು ಸಾಕು: ನೆಂಜು ವಲಿ, ಮತ್ತು ಎಷ್ಟು ಹೊತ್ತಿಗೆ ಶುರುವಾಯಿತು. ಆ ಸಮಯವನ್ನು ಗಡಿಯಾರ ನೋಡಿ ಬರೆದಿಟ್ಟುಕೊಳ್ಳಿ. ಡಾಕ್ಟರು ಮೊದಲು ಕೇಳುವುದು ಅದನ್ನೇ.

ಮೂರನೆಯದು ಹಾರ್ಟ್ ಫೇಲ್. ಇದು ಕನ್ನಡವೂ ಅಲ್ಲ, ತಮಿಳೂ ಅಲ್ಲ, ಆದರೆ ಎರಡರಲ್ಲೂ ಸೇರಿಕೊಂಡಿದೆ. "ಹಾರ್ಟ್ ಫೇಲ್ ಆಗಿ ಹೋದರು" ಎಂದರೆ ಸತ್ತರು ಎಂದು ನಮ್ಮ ಲೆಕ್ಕ. ಹಾಗಾಗಿ ಡಾಕ್ಟರು ಹಾರ್ಟ್ ಫೇಲ್ಯೂರ್ ಇದೆ ಎಂದಾಗ ಮನೆಯವರು ಅಳಲು ತೊಡಗುತ್ತಾರೆ, ಇನ್ನೇನು ಮಾತ್ರೆ ಎಂದು ಕೈಬಿಡುತ್ತಾರೆ. ಡಾಕ್ಟರ ಅರ್ಥ ಬೇರೆ. ಪಂಪು ನಿಂತಿಲ್ಲ, ಸೋತಿದೆ. ಸೋತ ಪಂಪು ಮುಂದಕ್ಕೆ ತಳ್ಳಲಾರದ್ದು ಹಿಂದೆ ತುಂಬಿಕೊಳ್ಳುತ್ತದೆ. ಶ್ವಾಸಕೋಶದಲ್ಲಿ ನೀರು ನಿಂತು ಮಲಗಿದರೆ ಉಸಿರು ಕಟ್ಟುತ್ತದೆ, ಎದ್ದು ಕೂರಬೇಕು. ಕಾಲು ಊದುತ್ತದೆ, ಒತ್ತಿದರೆ ಗುಳಿ ಬೀಳುತ್ತದೆ.

ಇದಕ್ಕೆ ಫ್ರುಸೆಮೈಡ್ ಎಂಬ ನೀರಿನ ಮಾತ್ರೆ ಕೊಡುತ್ತಾರೆ. ಅದು ಉಪ್ಪನ್ನೂ ನೀರನ್ನೂ ಮೂತ್ರದಲ್ಲಿ ಹೊರಗೆ ಕಳಿಸುತ್ತದೆ. ಬಸ್ಸಿನಲ್ಲಿ ಹೋಗಬೇಕು, ಮದುವೆಗೆ ಹೋಗಬೇಕು ಎಂದು ನಮ್ಮ ಹೆಂಗಸರು ಹೆಚ್ಚಾಗಿ ಬಿಡುವುದು ಇದನ್ನೇ. ಬಿಡುವ ಬದಲು ಆ ದಿನ ಯಾವ ಹೊತ್ತಿಗೆ ನುಂಗಬಹುದು ಎಂದು ಡಾಕ್ಟರನ್ನು ಕೇಳಿ. ದಿನವೂ ಬೆಳಿಗ್ಗೆ ತೂಕ ನೋಡಿ. ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು. ಕೂಡಲೇ ತೋರಿಸಿ. ಹಾವಿನಿಂದ ದಾರಿ ಕಂಡ ಮಾತ್ರೆಗಳು, 'ಲೋಲ್' ಮಾತ್ರೆಗಳು, ಹೊಸದಾಗಿ ಬಂದ ಇನ್ನೂ ಕೆಲವು ಸೇರಿ ಸೋತ ಹೃದಯದವರನ್ನು ಎಷ್ಟೋ ವರ್ಷ ನಡೆದಾಡುವಂತೆ ಮಾಡುತ್ತವೆ.

ಹಳೆಯ ಔಷಧಿ ಡಿಗಾಕ್ಸಿನ್ ಇನ್ನೂ ಕೆಲವರಿಗೆ ಬೇಕಾಗುತ್ತದೆ. ಇದರ ಮೂಲ ಫಾಕ್ಸ್‌ಗ್ಲೋವ್ ಎಂಬ ಹೂವಿನ ಗಿಡ. 1785ರಲ್ಲಿ ಇಂಗ್ಲೆಂಡಿನ ಡಾಕ್ಟರ್ ವಿಲಿಯಂ ವಿದರಿಂಗ್ ಅದರ ಬಗ್ಗೆ ಪುಸ್ತಕ ಬರೆದರು. ಗುಣ ಮಾಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಬಹಳ ಅಂತರವಿಲ್ಲ ಎಂದು ಅವರಿಗೆ ಆಗಲೇ ತಿಳಿದಿತ್ತು. ನಮ್ಮ ಕಡೆ ಗುಡಿಯ ಬಳಿ, ಹೆದ್ದಾರಿಯ ನಡುವೆ ಬೆಳೆಯುವ ಕಣಗಿಲೆ, ತಮಿಳರ ಅರಳಿ, ಹೃದಯದ ಮೇಲೆ ಇದೇ ಬಗೆಯಲ್ಲಿ ಕೆಲಸ ಮಾಡುವ ವಿಷವನ್ನು ಹೊಂದಿದೆ. ಅದು ದೇವರ ಮುಡಿಗೆ ಸರಿ. ಬಾಯಿಗೆ, ಕಷಾಯಕ್ಕೆ, ಮಕ್ಕಳ ಆಟಕ್ಕೆ ಬೇಡ.

ಹೃದಯದ ಮಾತ್ರೆಗಳ ಜೊತೆಗೆ ಸದ್ದಿಲ್ಲದೆ ಸೇರಿಕೊಳ್ಳುವ ಇನ್ನೊಂದು ಮಾತ್ರೆಯ ಬಗ್ಗೆ ಹೇಳಲೇಬೇಕು. ಮಗ್ಗದಲ್ಲಿ ಕೂತು ಸೊಂಟ ನೋವು, ಬನಿಯನ್ ಕಂಪನಿಯಲ್ಲಿ ನಿಂತು ಮಂಡಿ ನೋವು. ಅಂಗಡಿಯಲ್ಲಿ ಹತ್ತು ರೂಪಾಯಿ ಕೊಟ್ಟು ನೋವಿನ ಮಾತ್ರೆ ತರುತ್ತೇವೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಮೈಯಲ್ಲಿ ಉಪ್ಪು ನೀರು ನಿಲ್ಲಿಸುತ್ತವೆ, ಒತ್ತಡ ಏರಿಸುತ್ತವೆ, ಮೂತ್ರಪಿಂಡಕ್ಕೆ ತೊಂದರೆ ಮಾಡುತ್ತವೆ. ಒಂದು ಕೈಯಿಂದ ಜಮಾ ಮಾಡಿ ಇನ್ನೊಂದು ಕೈಯಿಂದ ತೆಗೆದ ಹಾಗೆ. ನೋವಿಗೆ ಯಾವುದು ಆಗುತ್ತದೆ ಎಂದು ಕೇಳಿ ತೆಗೆದುಕೊಳ್ಳಿ. ಉಪ್ಪಿನಕಾಯಿ, ಹಪ್ಪಳ, ಒಣಮೀನು ಕಡಿಮೆ ಮಾಡಿ. ದಿನಕ್ಕೆ ಒಬ್ಬರಿಗೆ ಎಲ್ಲ ಸೇರಿ ಒಂದು ಟೀ ಚಮಚದಷ್ಟು, ಎಂದರೆ 5 ಗ್ರಾಂ ಉಪ್ಪನ್ನು ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೀಡಿ, ಹೊಗೆಸೊಪ್ಪು ಪೂರ್ತಿ ಬಿಡಬೇಕು.

2021ರ ಆಗಸ್ಟಿನಲ್ಲಿ ಕೃಷ್ಣಗಿರಿ ಜಿಲ್ಲೆಯಲ್ಲಿ ಶುರುವಾದ ಮಕ್ಕಳೈ ತೇಡಿ ಮರುತ್ತುವಂ ಯೋಜನೆಯಲ್ಲಿ ಒತ್ತಡದ, ಸಕ್ಕರೆಯ ಮಾತ್ರೆಗಳು ಮನೆಬಾಗಿಲಿಗೇ ಬಂದವು. ಮಾತ್ರೆ ಬಾಗಿಲಿಗೆ ಬಂದರೂ ಅದರ ಅರ್ಥ ಬಾಗಿಲಲ್ಲೇ ನಿಲ್ಲಬಾರದು. ಅದಕ್ಕಾಗಿ ನನ್ನದೊಂದು ಕೋರಿಕೆ. ಮನೆಯಲ್ಲಿ ಓದು ಬರಹ ಬಲ್ಲವರು ಒಂದು ಸಣ್ಣ ನೋಟುಪುಸ್ತಕ ತೆಗೆದುಕೊಳ್ಳಿ. ಬ್ಯಾಂಕಿನ ಪಾಸ್‌ಪುಸ್ತಕದಂತೆ ಗೆರೆ ಹಾಕಿ. ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತಿಗೆ, ಯಾತಕ್ಕೆ. ಕನ್ನಡ ಅಕ್ಷರ ಬಾರದಿದ್ದರೆ ತಮಿಳು ಅಕ್ಷರದಲ್ಲಿಯೇ ನಮ್ಮ ಕನ್ನಡ ಮಾತನ್ನು ಬರೆಯಿರಿ, ತಪ್ಪೇನಿಲ್ಲ. 'ಒತ್ತಡ ಇಳಿಸಲು', 'ಹೆಪ್ಪು ಕಟ್ಟದಿರಲು', 'ಕೊಬ್ಬು ಇಳಿಸಲು', 'ಓಟ ನಿಧಾನ ಮಾಡಲು', 'ನೀರು ಇಳಿಸಲು'. ಕೊನೆಯ ಗೆರೆಯಲ್ಲಿ ಒತ್ತಡದ ಅಂಕಿ, ತಾರೀಖು. ಹಾಳೆ ಹರಿದ ಮಾತ್ರೆಗಳನ್ನು ಒಂದೇ ಡಬ್ಬಿಗೆ ಸುರಿಯಬೇಡಿ. ಆಸ್ಪತ್ರೆಗೆ ಹೋಗುವಾಗ ಹಾಳೆಗಳ ಸಮೇತ ಪುಸ್ತಕವನ್ನೂ ಒಯ್ಯಿರಿ. ಯಾವ ಡಾಕ್ಟರೂ ಅದನ್ನು ಕಂಡು ಸಂತೋಷಪಡುತ್ತಾರೆ.

ಎರಡು ಭಾಷೆ ಬಲ್ಲವರು ನಾವು. ಒತ್ತಡಕ್ಕೆ ಕನ್ನಡದ ಪದವನ್ನು ಇಟ್ಟುಕೊಳ್ಳೋಣ, ಅಡೈಪ್ಪಿಗೆ ತಮಿಳಿನ ಪದವನ್ನು ಇಟ್ಟುಕೊಳ್ಳೋಣ. ಸೋತ ಹೃದಯಕ್ಕೆ ಸೋತ ಹೃದಯ ಎಂದೇ ಹೇಳೋಣ, ಸತ್ತಿತು ಎನ್ನುವುದು ಬೇಡ. ಇವತ್ತು ಸಂಜೆ ಮನೆಯ ಹಿರಿಯರ ಮಾತ್ರೆ ಡಬ್ಬಿಯನ್ನು ಒಮ್ಮೆ ತೆರೆದು, ಒಂದೊಂದು ಮಾತ್ರೆ ಯಾತಕ್ಕೆ ಎಂದು ಅವರಿಗೆ ಗೊತ್ತಿದೆಯೇ ಎಂದು ಕೇಳಿ ನೋಡಿ. ಗೊತ್ತಿಲ್ಲದಿದ್ದರೆ ಮುಂದಿನ ಸಲ ಡಾಕ್ಟರ ಬಳಿ ಕೇಳಿಕೊಂಡು ಬನ್ನಿ.